ಬೇಸಿಗೆಗೆ ಚೆಲ್ಲೊ ದನಿ ಮಂಕಾದರೆ

ಪ್ರಶ್ನೆ: ಅಕ್ಕಾ, ಕಳೆದ ಮಳೆಗಾಲದಲ್ಲಿ ಮಗಳಿಗೆ ಒಂದು ಹಳೆಯ ಚೆಲ್ಲೊ (ಕೂತು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಕೊಡಿಸಿದೆವು. ಆಗ ದನಿ ತುಂಬಾ ಚೆನ್ನಾಗಿತ್ತು. ಈಗ ಏಪ್ರಿಲ್‌ನಲ್ಲಿ ಮಂಕಾಗಿದೆ, ಮಧ್ಯೆ ಮಧ್ಯೆ ಜರ್ ಅನ್ನುತ್ತದೆ. ದಪ್ಪ ತಂತಿಯಲ್ಲಿ ಬೆರಳು ಮೇಲಿನ ಸ್ವರಗಳಿಗೆ ಹೋದಾಗ ಒಂದು ಸ್ವರ ಮಾತ್ರ ನಡುಗಿ ಗುರುಗುಟ್ಟುತ್ತದೆ. ನಾಲ್ಕೂ ತಂತಿ ಬದಲಾಯಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಬದಲಾಯಿಸಬೇಕಾ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಈಗಲೇ ಬೇಡ. ಚೆಲ್ಲೊ ತಂತಿ ದುಬಾರಿ, ಅದನ್ನು ಕೊನೆಗೆ ನೋಡೋಣ. ನಾನು ಕೋಲಾರದಲ್ಲಿ ಪಿಟೀಲು, ಚೆಲ್ಲೊ ಎರಡನ್ನೂ ಕಲಿಸುತ್ತೇನೆ. ಅಂತರಗಂಗೆ ಬೆಟ್ಟದ ಹುಲ್ಲು ಒಣಗುವ ಹೊತ್ತಿಗೆ ನನ್ನ ಚೆಲ್ಲೊ ದನಿಯೂ ಬದಲಾಗುತ್ತದೆ. ಮರ ಒಣಗಿ ಕುಗ್ಗುತ್ತದೆ, ಅಂಚಿನ ಅಂಟು ಬಿಡುತ್ತದೆ.

ಮಡಕೆ ಕೊಳ್ಳುವಾಗ ತಟ್ಟಿ ನೋಡ್ತೀವಲ್ಲ, ಹಾಗೆ ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬನ್ನಿ. ಅಂಟು ಬಿಟ್ಟ ಕಡೆ ಸದ್ದು ಸೀಳಿದ ಹಾಗೆ ಬರುತ್ತದೆ. ನಿಮ್ಮ 'ಜರ್' ಅಲ್ಲಿಂದಲೇ ಇರಬಹುದು. ದಯವಿಟ್ಟು ಫೆವಿಕಾಲ್ ಹಾಕಬೇಡಿ. ಇದಕ್ಕೆ ಚರ್ಮದಿಂದ ಮಾಡಿದ ಅಂಟೇ ಆಗಬೇಕು. ಮುಂದೆ ರಿಪೇರಿಗೆ ಬಿಚ್ಚುವಾಗ ಆ ಅಂಟು ಬಿಡುತ್ತದೆ, ಮರ ಉಳಿಯುತ್ತದೆ.

ಆಮೇಲೆ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು ನೋಡಿ. ಬಿರಡೆ ತಿರುಗಿಸಿ ಶ್ರುತಿ ಮಾಡಿದಾಗಲೆಲ್ಲ ತಂತಿ ಅದರ ತಲೆಯನ್ನು ಮುಂದಕ್ಕೆ ಎಳೆಯುತ್ತದೆ. ನನ್ನ ಹತ್ತಿರ ಬರುವ ಮಕ್ಕಳ ಚೆಲ್ಲೊಗಳಲ್ಲಿ ನಾನು ಜಾಸ್ತಿ ನೋಡುವ ತೊಂದರೆ ಇದೇ. ಪಕ್ಕದಿಂದ ನೋಡಿದರೆ ಕುದುರೆಯ ಹಿಂಬದಿ ನೆಟ್ಟಗೆ ನಿಂತಿರಬೇಕು, ಎರಡೂ ಪಾದ ಪೂರ್ತಿ ಊರಿರಬೇಕು. ವಾಲಿದ್ದರೆ ತಂತಿ ಸ್ವಲ್ಪ ಸಡಿಲಿಸಿ, ಎರಡೂ ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ತನ್ನಿ. ತಂತಿ ಕೂರುವ ಗೀರುಗಳಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಮತ್ತೆ ಬೇಗ ವಾಲುವುದಿಲ್ಲ.

ಗುರುಗುಟ್ಟುವ ಸ್ವರಕ್ಕೆ ಗಾಬರಿಯಾಗಬೇಡಿ. ಅದನ್ನು ವುಲ್ಫ್ ನೋಟ್ ಅಂತಾರೆ. ಚೆಲ್ಲೊದಲ್ಲಿ ಹೆಚ್ಚಾಗಿ ಪಾಶ್ಚಾತ್ಯ ಸಂಗೀತದ ಎಫ್, ಎಫ್ ಶಾರ್ಪ್ ಸ್ವರಗಳ ಹತ್ತಿರ ಬರುತ್ತದೆ. ತಂತಿಯ ಸ್ವರವೂ ಚೆಲ್ಲೊದ ಮರದ ಪೆಟ್ಟಿಗೆಯ ಸ್ವಂತ ಸ್ವರವೂ ಒಂದೇ ಜಾಗದಲ್ಲಿ ಎದುರಾದಾಗ ಹೀಗಾಗುತ್ತದೆ. ಒಳ್ಳೊಳ್ಳೆ ಚೆಲ್ಲೊಗಳಲ್ಲೂ ಇದೆ. ಆ ಸ್ವರ ಬಂದಾಗ ಮಂಡಿಯಿಂದ ಪೆಟ್ಟಿಗೆಯನ್ನು ಸ್ವಲ್ಪ ಒತ್ತಲು ಮಗಳಿಗೆ ಹೇಳಿ. ಸಾಲದಿದ್ದರೆ ಕುದುರೆಯಿಂದ ಕೆಳಗಿರುವ ತಂತಿಯ ಭಾಗಕ್ಕೆ ಹಾಕುವ ಪುಟ್ಟ ಹಿತ್ತಾಳೆ ಕೊಳವೆ ಸಿಗುತ್ತದೆ. ಅರ್ಧ ಇಂಚು ಮೇಲೆ, ಕೆಳಗೆ ಸರಿಸಿ ಕೇಳುತ್ತಾ ಸರಿಯಾದ ಜಾಗ ಹುಡುಕಬೇಕು.

ಚೆಲ್ಲೊವನ್ನು ಶೀಟಿನ ಸೂರಿನ ಕೋಣೆಯಲ್ಲಿ ಇಡಬೇಡಿ. ಸೋಪಿನ ಡಬ್ಬಿಗೆ ತೂತು ಮಾಡಿ, ಒದ್ದೆ ಮಾಡಿ ಹಿಂಡಿದ ಸ್ಪಂಜು ಹಾಕಿ, ಚೆಲ್ಲೊ ಇಡುವ ಕೇಸಿನೊಳಗೆ ಮರಕ್ಕೆ ತಾಗದ ಹಾಗೆ ಇಡಿ. ಗಾಳಿಯ ತೇವ ನೂರಕ್ಕೆ 40ರಿಂದ 60 ಇದ್ದರೆ ಸಾಕು. ನುಡಿಸಿದ ಮೇಲೆ ತಂತಿಯ ಮೇಲಿನ ರಾಳದ ಪುಡಿಯನ್ನು ಹಳೆ ಪಂಚೆ ತುಂಡಿನಿಂದ ಒರೆಸಿ, ಕಮಾನು ಸಡಿಲಿಸಿ.

ಇಷ್ಟಾದರೂ ದನಿ ಮಂಕಾಗಿದ್ದರೆ ತಂತಿ ಬದಲಾಯಿಸಿ. ಆದರೆ ಒಂದನ್ನು ಬಿಚ್ಚಿ, ಹೊಸದು ಕಟ್ಟಿ, ಆಮೇಲೆ ಇನ್ನೊಂದು. ಕಲಿಯುವ ದಿನಗಳಲ್ಲಿ ನಾನು ನಾಲ್ಕನ್ನೂ ಒಟ್ಟಿಗೆ ಬಿಚ್ಚಿದ್ದೆ. ಒಳಗೆ ಟಕ್ ಅಂತ ಏನೋ ಬಿತ್ತು. ತೆಳು ತಂತಿಯ ಕಡೆ, ಕುದುರೆ ಪಾದದ ಹಿಂದೆ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲುವ ಕಡ್ಡಿ ಅದು, ಸೌಂಡ್ ಪೋಸ್ಟ್. ಅದಕ್ಕೆ ಅಂಟಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಫ್ರೆಂಚರು ಅದನ್ನು 'ಆತ್ಮ' ಅಂತಲೇ ಕರೆಯುತ್ತಾರೆ. ನಿಮ್ಮಲ್ಲೂ ಬಿದ್ದರೆ ಉಳಿದ ತಂತಿಗಳನ್ನು ಕೂಡಲೇ ಸಡಿಲಿಸಿ, ಬೆಂಗಳೂರಿನಲ್ಲಿ ಪಿಟೀಲು, ಚೆಲ್ಲೊ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ಅದಿಲ್ಲದೆ ಶ್ರುತಿ ಮಾಡಿದರೆ ಮೇಲಿನ ಹಲಗೆ ಬಿರುಕು ಬಿಡಬಹುದು.