ಮಗ್ಗ ನಿಂತ ಮೇಲಿನ ಹರಟೆ: ಒಂದು ಆಪ್ತಸಲಹೆ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು. ಹುಡುಗನಿಗೆ 19, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಎರಡನೇ ವರ್ಷ. ಅವನ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆದದ್ದು ಇದು. ವಯಸ್ಸು, ಓದು, ಮನೆಮಂದಿಯ ವಿವರ ಬದಲಿಸಿದೆ. ಪವರ್‌ಲೂಮ್ ಇರುವ ಮನೆ ಎಂಬುದನ್ನು ಮಾತ್ರ ಹಾಗೇ ಬಿಟ್ಟಿದೆ, ಅದನ್ನು ತೆಗೆದರೆ ಪ್ರಕರಣವೇ ತಿಳಿಯುವುದಿಲ್ಲ.

ಕರೆದುಕೊಂಡು ಬಂದವರು ತಂದೆ-ತಾಯಿ. ದೂರು ಒಂದೇ ಉಸಿರಿನದು: "ಪಬ್‌ಜಿ ಚಟಾ ಹತ್ತೇತ್ರಿ. ರಾತ್ರಿ ಎರಡ ಆದ್ರೂ ಮಲಗೂದಿಲ್ಲ, ಮುಂಜಾನೆ ಏಳೂದಿಲ್ಲ." (ಆಡುತ್ತಿದ್ದದ್ದು ಅದೇ ಗುಂಡಿನ ಕಾಳಗದ ಆಟದ ಭಾರತೀಯ ರೂಪ, ಬಿಜಿಎಂಐ. ಪಬ್‌ಜಿ ಮೊಬೈಲ್ ಭಾರತದಲ್ಲಿ 2020ರ ಸೆಪ್ಟೆಂಬರ್‌ನಲ್ಲೇ ನಿಷೇಧವಾಗಿದೆ.) 7.40ರ ಬಸ್ ವಾರದಲ್ಲಿ ಮೂರು ದಿನ ತಪ್ಪುತ್ತಿತ್ತು. ಹಾಜರಾತಿ 75 ಪ್ರತಿಶತಕ್ಕಿಂತ ಕೆಳಗಿಳಿದು ಕಾಲೇಜಿನಿಂದ ಫೋನ್ ಬಂದಿತ್ತು.

ಬರುವ ಮುಂಚೆ ಮನೆಯಲ್ಲಿ ಆಗಬೇಕಾದ್ದೆಲ್ಲ ಆಗಿತ್ತು. ತಂದೆ ಎರಡು ಸಲ ಆ್ಯಪ್ ಅಳಿಸಿದ್ದರು. ಆಟದ ಖಾತೆ, ರ‍್ಯಾಂಕ್, ಕೊಂಡ ಸಾಮಾನು ಎಲ್ಲ ಇರುವುದು ಕಂಪನಿಯ ಸರ್ವರ್‌ನಲ್ಲಿ. ಮತ್ತೆ ಇನ್‌ಸ್ಟಾಲ್ ಮಾಡಿ ಲಾಗಿನ್ ಆದರೆ ಬಿಟ್ಟಲ್ಲಿಂದಲೇ ಶುರು, ಡೇಟಾ ಖರ್ಚಾಗಿದ್ದಷ್ಟೇ ಲಾಭ. ವೈಫೈ ಆಫ್ ಮಾಡಿದರು, ಪಕ್ಕದ ಮನೆ ಗೆಳೆಯ ಹಾಟ್‌ಸ್ಪಾಟ್ ಕೊಟ್ಟ. ಒಂದು ವಾರ ಫೋನನ್ನೇ ತಿಜೋರಿಯಲ್ಲಿಟ್ಟರು. ಆ ವಾರ ಹುಡುಗ ಮಾತು ಬಿಟ್ಟ, ಕಾಲೇಜಿನ ವಾಟ್ಸ್‌ಆ್ಯಪ್‌ನಲ್ಲಿ ಬಂದ ಇಂಟರ್ನಲ್ ಪರೀಕ್ಷೆಯ ದಿನಾಂಕ ತಪ್ಪಿಸಿಕೊಂಡ. ಫೋನ್ ವಾಪಸ್ ಕೊಡಬೇಕಾಯಿತು.

ಕೊನೆಗೆ ಸೋದರಮಾವನ ಮಗ ಬಂದು ಫೋನಿನ ಡಿಜಿಟಲ್ ವೆಲ್‌ಬೀಯಿಂಗ್ ಸೆಟ್ಟಿಂಗ್‌ನಲ್ಲಿ ಆಟಕ್ಕೆ ದಿನಕ್ಕೆ ಒಂದು ಗಂಟೆಯ ಟೈಮರ್ ಹಾಕಿಕೊಟ್ಟ. ಒಳ್ಳೆಯ ಉದ್ದೇಶವೇ, ಆದರೆ ರಾತ್ರಿ ಇನ್ನಷ್ಟು ಉದ್ದವಾದದ್ದು ಅದರಿಂದಲೇ. ಆಂಡ್ರಾಯ್ಡ್‌ನ ಆ್ಯಪ್ ಟೈಮರ್ ನಡುರಾತ್ರಿ 12ಕ್ಕೆ ಸೊನ್ನೆಯಾಗಿ ಹೊಸ ದಿನದ ಲೆಕ್ಕ ಶುರುಮಾಡುತ್ತದೆ. 10.45ಕ್ಕೆ ಗಂಟೆ ಮುಗಿದರೆ ಹುಡುಗ 12ರವರೆಗೆ ಕಾಯುತ್ತಿದ್ದ, ಆಮೇಲೆ ಮತ್ತೊಂದು ಗಂಟೆ ಸಿಗುತ್ತಿತ್ತು. ತಡರಾತ್ರಿಯ ತೊಂದರೆಗೆ ದಿನದ ಲೆಕ್ಕದ ಟೈಮರ್ ಹಾಕಿದ ಮನೆಗಳಲ್ಲೆಲ್ಲ ಹೀಗಾಗುವುದು ಸಾಧ್ಯ. ಬೇಕಿದ್ದದ್ದು ಗಡಿಯಾರಕ್ಕೆ ಕಟ್ಟಿದ ಮಿತಿ.

ಮೊದಲ ಭೇಟಿಯ ಅರ್ಧ ಹೊತ್ತು ಹುಡುಗನೊಬ್ಬನೊಂದಿಗೆ. "ಚಟ" ಎಂಬ ಮಾತನ್ನು ಒಪ್ಪುವ ಮುನ್ನ ಕೆಲವನ್ನು ತಳ್ಳಿಹಾಕಬೇಕಿತ್ತು. ಹಣ ಕಟ್ಟಿ ಆಡುವ ಆ್ಯಪ್ ಇದೆಯೇ, ಸಾಲ ಆಗಿದೆಯೇ? 2025ರ ಆಗಸ್ಟ್‌ನ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ ಎಂದ ಮಾತ್ರಕ್ಕೆ ಈ ಪ್ರಶ್ನೆ ಬಿಡುವಂತಿಲ್ಲ, ಹಳೆಯ ಸಾಲ ಹಾಗೇ ಇರುತ್ತದೆ. ಯುಪಿಐ ಪಟ್ಟಿಯನ್ನು ಅವನೇ ತೆರೆದು ತೋರಿಸಿದ. ಮೂರು ತಿಂಗಳಲ್ಲಿ ಒಂದು ರಾಯಲ್ ಪಾಸ್ (ಆಟದೊಳಗಿನ ಬಹುಮಾನಕ್ಕೆ ಕೊಳ್ಳುವ ಪಾಸ್), ಬಿಟ್ಟರೆ ರೀಚಾರ್ಜ್ ಮತ್ತು ಕ್ಯಾಂಟೀನ್. ಆನ್‌ಲೈನ್ ಪರಿಚಯದವರು ಯಾರಾದರೂ ಒಟಿಪಿ, ಫೋಟೋ ಕೇಳಿದ್ದಾರೆಯೇ, ರ‍್ಯಾಂಕ್ ಏರಿಸಿಕೊಡುತ್ತೇನೆ ಎಂದು ಪಾಸ್‌ವರ್ಡ್ ಕೇಳಿದ್ದಾರೆಯೇ? ಇಲ್ಲ. ಮನಸ್ಸಿನ ಕುಗ್ಗುವಿಕೆ ನೋಡಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಕೇಳಲಾಯಿತು. ಅಂಕ ಬಂದದ್ದು ನಿದ್ದೆ ಮತ್ತು ಆಯಾಸದ ಪ್ರಶ್ನೆಗಳಲ್ಲಿ ಮಾತ್ರ. ಸಾಯುವ ಯೋಚನೆ ಕುರಿತ ಒಂಬತ್ತನೆಯದಕ್ಕೆ ಸೊನ್ನೆ. ಈ ಪ್ರಶ್ನೆಯನ್ನು ಸಂಕೋಚಪಟ್ಟು ಹಾರಿಸುವ ಸಲಹೆಗಾರರಿದ್ದಾರೆ. ಹಾರಿಸಬಾರದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಆಮೇಲೆ ಒಂದು ವಾರದ ಹಾಳೆ. ನಾಲ್ಕು ಕಾಲಂ: ಎಷ್ಟು ಗಂಟೆಗೆ, ಫೋನಿನಲ್ಲಿ ಏನು, ಯಾರ ಜೊತೆ, ಮುಗಿದಾಗ ಹೇಗನಿಸಿತು. ಫೋನಿನ ಸ್ಕ್ರೀನ್ ಟೈಮ್ ಲೆಕ್ಕವಷ್ಟೇ ಸಾಲದು, ಅದು ಆ್ಯಪ್‌ನ ಹೆಸರು ಹೇಳುತ್ತದೆ, ಅಲ್ಲಿ ಏನು ನಡೆಯಿತು ಎಂದು ಹೇಳುವುದಿಲ್ಲ. ಹುಡುಗ ಪ್ರಾಮಾಣಿಕವಾಗಿ ತುಂಬಿದ್ದ. ರಾತ್ರಿ 9.30ರಿಂದ 1.45ರವರೆಗಿನ ನಾಲ್ಕೂಕಾಲು ಗಂಟೆಯಲ್ಲಿ ಆಟ ಸರಾಸರಿ 55 ನಿಮಿಷ, ಅಂದರೆ ಎರಡು ಮ್ಯಾಚ್. ನಾಲ್ಕು ಜನರ ಸ್ಕ್ವಾಡ್‌ಗೆ ನಾಲ್ಕನೆಯವನು ಬರಲೆಂದು ಕಾದದ್ದು 35 ನಿಮಿಷ. ನಡುನಡುವೆ ರೀಲ್ಸ್ ಅರ್ಧ ಗಂಟೆ. ಉಳಿದ ಎರಡೂಕಾಲು ಗಂಟೆ ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನ ವಾಯ್ಸ್ ಚಾನೆಲ್‌ನಲ್ಲಿ ಬರೀ ಮಾತು.

"ಆಟಾ ಎರಡ ಮ್ಯಾಚ್ ಅಷ್ಟ್ರೀ ಸರ. ಆಮ್ಯಾಲೆ ಸುಮ್ನ ಮಾತಾಡ್ಕೋತ ಕುಂದರ್ತೇವಿ."

ಏನು ಮಾತು? ಶುಕ್ರವಾರ ಬಂದ ಸಿನಿಮಾದ ಸೆಕೆಂಡ್ ಹಾಫ್ ಎಲ್ಲಿ ಜಗ್ಗಿತು, ಥೇಟರ್‌ಗೆ ಹೋಗಬೇಕೋ ಓಟಿಟಿಗೆ ಬರುವ ತನಕ ತಡೆಯಬೇಕೋ, ಹೊಸ ಅಪ್‌ಡೇಟ್‌ನಲ್ಲಿ ಯಾವ ಗನ್ ಕೆಟ್ಟಿತು, ಒಬ್ಬನ ಹಾಸ್ಟೆಲ್ ಸಾಂಬಾರು, ಇನ್ನೊಬ್ಬನ ಬೈಕಿನ ಇಎಂಐ, ಮತ್ತೊಬ್ಬನ ಇಂಟರ್‌ವ್ಯೂ. ಏಳು ಜನ, ಎರಡು ವರ್ಷದ ಪರಿಚಯ, ಹುಬ್ಬಳ್ಳಿಯಿಂದ ಕೋಲಾರದವರೆಗೆ ಚೆದುರಿದವರು. ಪಿಯುಸಿ ಗೆಳೆಯರು ಬೇರೆ ಊರಿಗೆ ಹೋದ ಮೇಲೆ ಇವನಿಗೆ ಉಳಿದ ಗುಂಪು ಇದೊಂದೇ. ಸಿನಿಮಾದ ಬಗ್ಗೆ ಇವನ ಮಾತಿಗೆ ಅಲ್ಲಿ ತೂಕವಿತ್ತು. ಮನೆಯಲ್ಲಾಗಲಿ ಕ್ಲಾಸಿನಲ್ಲಾಗಲಿ ಆ ತೂಕ ಇರಲಿಲ್ಲ. ಕೊನೆಯ ಕಾಲಂನಲ್ಲಿ ಆಟದ ಮುಂದೆ "ಬೇಜಾರ" ಎಂದು ಹಲವು ಸಲ ಬರೆದಿದ್ದ, ಹರಟೆಯ ಮುಂದೆ ಒಮ್ಮೆಯೂ ಇಲ್ಲ.

ರಾತ್ರಿಯೇ ಯಾಕೆ ಎಂಬುದಕ್ಕೆ ಉತ್ತರ ಮನೆಯೊಳಗೇ ಇತ್ತು. ನಡುಮನೆಯ ಪಕ್ಕದಲ್ಲೇ ಮಗ್ಗ, ಓಣಿಯಲ್ಲಿ ಆಚೀಚೆಯೂ ಮಗ್ಗ. ಹಗಲು ಮೈಕ್ ಆನ್ ಮಾಡಿದರೆ ಅವನ ಮಾತಿಗಿಂತ ಮಗ್ಗದ ಖಟಪಟವೇ ಜೋರು, ಗೆಳೆಯರು "ಮ್ಯೂಟ್ ಹಾಕ್ಲೇ" ಎನ್ನುತ್ತಿದ್ದರು. ರಾತ್ರಿ 9ಕ್ಕೆ ಮಗ್ಗ ನಿಂತ ಮೇಲೆ ಮಾತ್ರ ಮಾತು ಕೇಳಿಸುವುದು. ತಂದೆಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ನಲವತ್ತು ವರ್ಷದಿಂದ ಆ ಸಪ್ಪಳದಲ್ಲೇ ಇದ್ದವರಿಗೆ ಅದು ಸಪ್ಪಳ ಅಂತಲೇ ಅನ್ನಿಸುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್‌ಗೆ, ಅಂದರೆ ಆಟದ ಚಟಕ್ಕೆ, ಮೂರು ಲಕ್ಷಣ: ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮೊದಲಾಗುವುದು, ಕೆಡುಕಾಗುತ್ತಿದ್ದರೂ ಮುಂದುವರಿಸುವುದು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೇ ನಡೆದಿರಬೇಕು, ಬದುಕಿಗೆ ದೊಡ್ಡ ಪೆಟ್ಟು ಬಿದ್ದಿರಬೇಕು. ಈ ಹುಡುಗ ಸೆಮಿಸ್ಟರ್ ಪರೀಕ್ಷೆ ಬಂದಾಗ ಮೂರು ವಾರ ಆಟ ಮುಟ್ಟಿರಲಿಲ್ಲ, ಯಾರೂ ಹೇಳದೆ. ಅದು ಚಟದ ನಡತೆಯಲ್ಲ. ಆದರೆ ಆ ಮೂರು ವಾರವೂ ರಾತ್ರಿ 1ರವರೆಗೆ ಚಾನೆಲ್‌ನಲ್ಲಿ ಇದ್ದ. ಕೆಟ್ಟದ್ದು ನಿದ್ದೆಯ ಗಡಿಯಾರ, ಕೆಡಿಸಿದ್ದು ಕೊನೆಯಿಲ್ಲದ ಮಾತು. ನೂರು ಮಂದಿಯ ಕ್ಲಾಸಿಕ್ ಮ್ಯಾಚ್ ಸುಮಾರು ಅರ್ಧ ಗಂಟೆಯಲ್ಲಿ ತಾನೇ ಮುಗಿಯುತ್ತದೆ. ವಾಯ್ಸ್ ಚಾನೆಲ್ ಮುಗಿಯುವುದಿಲ್ಲ, ಒಬ್ಬ ಎದ್ದರೆ ಇನ್ನೊಬ್ಬ ಬಂದಿರುತ್ತಾನೆ. ಆದ್ದರಿಂದ ಆಟಕ್ಕೆ ಬೀಗ ಹಾಕಿ ಉಪಯೋಗವಿರಲಿಲ್ಲ, ಹರಟೆಗೆ ಒಂದು ಕೊನೆ ಹಚ್ಚಬೇಕಿತ್ತು.

ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಏಳುವ ಹೊತ್ತು, ಮಲಗುವ ಹೊತ್ತಲ್ಲ. ರಜೆಯೂ ಸೇರಿ ದಿನಾ 6.30ಕ್ಕೆ ಏಳಬೇಕು, ಎದ್ದವನೇ ಮಾಳಿಗೆಗೆ ಹೋಗಿ ಇಪ್ಪತ್ತು ನಿಮಿಷ ಬೆಳಕಿನಲ್ಲಿ ಇರಬೇಕು. ದೇಹದ ಗಡಿಯಾರ ಸರಿಯುವುದು ಮುಂಜಾನೆಯ ಬೆಳಕಿನಿಂದ, ರಾತ್ರಿಯ ಬೈಗುಳದಿಂದಲ್ಲ. ಮೊದಲ ಮೂರು ದಿನ 1.30ಕ್ಕೇ ಮಲಗಲಿ, ಆಮೇಲೆ ಪ್ರತಿ ಮೂರು ದಿನಕ್ಕೆ ಅರ್ಧ ಗಂಟೆ ಹಿಂದಕ್ಕೆ, 11ಕ್ಕೆ ಬಂದು ನಿಲ್ಲಲಿ. ಮೊದಲ ದಿನವೇ 10ಕ್ಕೆ ಮಲಗಿಸಿದರೆ ಮೂರು ತಾಸು ಹೊರಳಾಡಿ ಕಡೆಗೆ ಫೋನ್ ಹುಡುಕುತ್ತಾನೆ. ಶುರುವಿನ ಒಂದು ವಾರ ನಿದ್ದೆ ಸಾಲದು, ಆ ದಿನಗಳಲ್ಲಿ ಬೈಕ್ ಬೇಡ, ಓಡುವ ಮಗ್ಗದ ಹತ್ತಿರ ಕೆಲಸಕ್ಕೂ ಹಚ್ಚಬೇಡಿ ಎಂದು ತಂದೆಗೆ ಖಡಾಖಂಡಿತ ಹೇಳಲಾಯಿತು. ಸಂಜೆ 4ರ ಮೇಲೆ ಚಹಾ ಇಲ್ಲ. ಮಧ್ಯಾಹ್ನ ಮಲಗಿದರೆ ಇಪ್ಪತ್ತೇ ನಿಮಿಷ, ಅದೂ 3ರೊಳಗೆ. ಚಾರ್ಜರ್ ನಡುಮನೆಯ ಬೋರ್ಡಿಗೆ. "ಅಲಾರಾಂ ಫೋನ್‌ದಾಗ ಐತ್ರಿ" ಎಂಬ ಮಾತು ಬಂದೇ ಬರುತ್ತದೆ, ಅದಕ್ಕೆ ಮೊದಲೇ ಒಂದು ಟೇಬಲ್ ಗಡಿಯಾರ ತರಿಸಲಾಯಿತು.

ಮನೆಮಂದಿ ಊಟ 9ಕ್ಕೆ, ಎಲ್ಲರೂ ಕೂಡಿ. ತಾಯಿ ಮಗ್ಗದ ನೂಲಿನ ಕಂಡಿಕೆ ಸುತ್ತುವುದು ಬಿಟ್ಟು ಏಳುವುದೇ ಆ ಹೊತ್ತಿಗೆ, ಆದ್ದರಿಂದ ಇದಕ್ಕಿಂತ ಮುಂಚೆ ಆಗದು. 9.30ರಿಂದ 10.45 ಅವನದು. ಆಟವೋ ಮಾತೋ ಅವನಿಷ್ಟ, ಆ ಹೊತ್ತಿನಲ್ಲಿ ಯಾರೂ ಬಾಗಿಲಲ್ಲಿ ನಿಂತು ಕೆಮ್ಮುವಂತಿಲ್ಲ. 10.10ರ ಮೇಲೆ ಹೊಸ ಕ್ಲಾಸಿಕ್ ಮ್ಯಾಚ್ ಶುರುಮಾಡುವುದಿಲ್ಲ. ಆಸೆ ಇದ್ದರೆ ಟಿಡಿಎಂ (ಎರಡು ತಂಡಗಳ ಚಿಕ್ಕ ಪಂದ್ಯ), ಅದು ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಗುಂಪಿನಿಂದ ಏಳುವ ಮಾತನ್ನು ಏಳುವಾಗ ಹೇಳಿದರೆ ಸೋಲು ಖಚಿತ, "ಐದ ನಿಮಿಷ ಇರ್ಲೇ" ಎನ್ನುವವರು ಏಳು ಜನ ಇರುತ್ತಾರೆ. ಒಳಗೆ ಬರುವಾಗಲೇ "ಪೌಣೆ ಹನ್ನೊಂದಕ್ಕ ಹೋಗ್ತೇನಿ" ಎಂದು ಹೇಳಿಬಿಡಬೇಕು. ಇದನ್ನು ಸಲಹಾ ಕೋಣೆಯಲ್ಲಿ ಎರಡು ಸಲ ಆಡಿಸಿ ನೋಡಲಾಯಿತು.

ಅವನ ನಿಜವಾದ ಅಂಜಿಕೆ ಬೇರೆ ಇತ್ತು: ತಾನೆದ್ದ ಮೇಲೆ ಸಿನಿಮಾದ ಮಾತು ನಡೆದರೆ ತನ್ನ ಮಾತಿಲ್ಲದೇ ತೀರ್ಮಾನವಾಗಿಬಿಡುತ್ತದೆ. ಅದಕ್ಕೆ ಅವನೇ ದಾರಿ ಹುಡುಕಿದ. ಸಿನಿಮಾ ಚರ್ಚೆಗೆ ಬೇರೆ ಟೆಕ್ಸ್ಟ್ ಚಾನೆಲ್, ಕಥೆ ಬಿಟ್ಟುಕೊಡುವ ಸಾಲಿನ ಎರಡೂ ತುದಿಗೆ ಎರಡೆರಡು ನಿಂತ ಗೆರೆ ಹಾಕಿದರೆ ಡಿಸ್ಕಾರ್ಡ್ ಆ ಸಾಲನ್ನು ಮುಚ್ಚಿ ತೋರಿಸುತ್ತದೆ, ಒತ್ತಿದವರಿಗೆ ಮಾತ್ರ ತೆರೆಯುತ್ತದೆ. 7.40ರ ಬಸ್ಸಿನಲ್ಲಿ ಓದಿ ಅಲ್ಲೇ ಬರೆಯುತ್ತಾನೆ. ರಾತ್ರಿ ಮಲಗುವಾಗ ಗುಂಪಿನ ಡಿಸ್ಕಾರ್ಡ್ ಸರ್ವರ್ ಅನ್ನು 8 ತಾಸಿಗೆ ಮ್ಯೂಟ್ ಮಾಡುತ್ತಾನೆ. ಬಾಯಿಮಾತಿಗಿಂತ ಬರೆಯುವುದರಲ್ಲಿ ಅವನ ಅಭಿಪ್ರಾಯ ಇನ್ನಷ್ಟು ಚೂಪಾಗಿತ್ತು ಎಂಬುದು ಆಮೇಲೆ ಗೊತ್ತಾದ ಸಂಗತಿ.

ತಾಯಿಗೆ ಕಲಿಸಿದ್ದು ಒಂದೇ. ಆಟದ ಪರದೆಯ ಮೇಲ್ಮೂಲೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬ ಅಂಕಿ ಇರುತ್ತದೆ, ನೂರರಿಂದ ಇಳಿಯುತ್ತ ಬರುತ್ತದೆ. ಅದು ಎಂಬತ್ತು ಇದ್ದರೆ ಇನ್ನೂ ಬಹಳ ಹೊತ್ತಿದೆ, ಹತ್ತರ ಹತ್ತಿರ ಇದ್ದರೆ ಕೆಲ ನಿಮಿಷದ ಮಾತು. ನಡುಮ್ಯಾಚಿನಲ್ಲಿ ಎದ್ದರೆ ಉಳಿದ ಮೂವರಿಗೆ ಮೋಸ ಮಾಡಿದಂತೆ, ಅದಕ್ಕೇ ಕರೆದಾಗಲೆಲ್ಲ ಸಿಡುಕುತ್ತಿದ್ದ. "ಎಷ್ಟ ಮಂದಿ ಉಳದಾರಪಾ?" ಎಂದು ಅವರು ಕೇಳಲು ಶುರುಮಾಡಿದ ಮೇಲೆ ಅರ್ಧ ಜಗಳ ನಿಂತಿತು. ಉಳಿದರ್ಧ ತಂದೆಯದು.

ಮೂರನೇ ವಾರ ಕೆಟ್ಟದ್ದೂ ಅಲ್ಲೇ. ರಾತ್ರಿ 10ಕ್ಕೆ ಮಗ ಜೋರಾಗಿ ನಕ್ಕ, ದಣಿದು ಮಲಗಿದ್ದ ತಂದೆ ಎದ್ದು ಬಂದು ಫೋನ್ ಕಸಿದರು. ಹೊತ್ತು ಒಪ್ಪಂದದ ಒಳಗೇ ಇತ್ತು, ದನಿ ಇರಲಿಲ್ಲ. ಮರುದಿನದಿಂದ ಎರಡು ರಾತ್ರಿ ಹಠಕ್ಕೆ 2ರವರೆಗೆ ಎಚ್ಚರ. ಮುಂದಿನ ಭೇಟಿಯಲ್ಲಿ ಒಪ್ಪಂದದ ಹಾಳೆಗೆ ಎರಡು ಸಾಲು ಸೇರಿದವು: ಮಾತು ಮಾಳಿಗೆ ಮೇಲಿನ ಕೋಣೆಯಲ್ಲಿ, ತಕರಾರು ಏನಿದ್ದರೂ ರವಿವಾರ ಊಟದ ನಂತರ, ರಾತ್ರಿ ಬಾಗಿಲಲ್ಲಿ ಅಲ್ಲ. ಜೊತೆಗೆ ತಿಂಗಳಿಗೆ ಎರಡು ರಾತ್ರಿ ಸಡಿಲ. ಆಟದ ಸೀಸನ್ ಮುಗಿಯುವಾಗ ರ‍್ಯಾಂಕ್ ಇಳಿಯುವ ಮುಂಚೆ ಎಲ್ಲರೂ ಹೆಚ್ಚು ಆಡುತ್ತಾರೆ, ದೊಡ್ಡ ಸಿನಿಮಾ ಬಂದ ಶುಕ್ರವಾರ ಮಾತು ಉದ್ದವಾಗುತ್ತದೆ. ಯಾವ ರಾತ್ರಿ ಎಂಬುದನ್ನು ಮುಂಚೆಯೇ ಹೇಳಬೇಕು, ಮರುದಿನವೂ 6.30ಕ್ಕೇ ಏಳಬೇಕು.

ಇದೇ ಸಲಹೆ ಎಲ್ಲ ಮನೆಗೂ ಹೊಂದುವುದಿಲ್ಲ. ಹಾಳೆಯಲ್ಲಿ ಹರಟೆಯ ಬದಲು ಆಟವೇ ನಾಲ್ಕೈದು ತಾಸು ಇದ್ದರೆ, ಪರೀಕ್ಷೆಗೂ ಬಿಡಲಾಗದಿದ್ದರೆ, ಮನೆಯಲ್ಲಿ ಹಣ ಕಾಣೆಯಾಗುತ್ತಿದ್ದರೆ, ಫೋನ್ ತೆಗೆದುಕೊಂಡಾಗ ಕೈ ಎತ್ತಿದರೆ ಅಥವಾ ಸಾಯುವ ಮಾತಾಡಿದರೆ ಆಪ್ತಸಲಹೆಯೊಂದೇ ಸಾಲದು, ಮನೋವೈದ್ಯರು ನೋಡಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಈ ಭಾಗದವರಿಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಆಟಗಳ ಅತಿಬಳಕೆಗೆಂದೇ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930.

ಎರಡು ತಿಂಗಳ ನಂತರದ ಹಾಳೆ: ವಾರದಲ್ಲಿ ಐದು ದಿನ 6.30ಕ್ಕೆ ಏಳುತ್ತಾನೆ, ಬಸ್ ತಪ್ಪಿದ್ದು ತಿಂಗಳಲ್ಲಿ ಎರಡು ಸಲ, ರೀಲ್ಸ್ ಹೆಚ್ಚುಕಡಿಮೆ ಇಲ್ಲ. ಆಟ ಮಾತ್ರ ಇಳಿದಿಲ್ಲ, ಕೆಲವು ರಾತ್ರಿ ಒಂದು ತಾಸು ಮೀರಿದೆ. ಕಾಯುವ ಹೊತ್ತು ಉಳಿದದ್ದು ಅದಕ್ಕೆ ಹೋಗಿದೆ.

"ಆಟಾ ಇನ್ನೂ ಆಡ್ತಾನಲ್ರಿ?" ತಂದೆ ಕೇಳಿದರು.

ಆಡುತ್ತಾನೆ, ಆಡಲಿ, 10.45ಕ್ಕೆ ಏಳುತ್ತಾನೋ ಇಲ್ಲವೋ ಅಷ್ಟನ್ನೇ ನೋಡಿ ಎಂದು ಹೇಳಲಾಯಿತು. ಅವರಿಗೆ ಪೂರ್ತಿ ಒಪ್ಪಿಗೆಯಾದಂತಿರಲಿಲ್ಲ. ಮುಂದಿನ ಭೇಟಿ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಈ ಸಲ ತಂದೆಯೊಬ್ಬರೇ ಬರುತ್ತಾರೆ.