ಕಂಪನಿ ರೆಡಿ, ಖಾತೆ ಮಾತ್ರ ಆಗ್ತಿಲ್ಲ

ಪ್ರಶ್ನೆ: ನಾನು ಮತ್ತು ನನ್ನ ತಂಗಿ ಸೇರಿ ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಡಲು ಒಂದು ಫ್ಲಾಟ್ ಕೊಳ್ಳಬೇಕು ಅಂತಿದ್ದೇವೆ. ನಾವಿಬ್ಬರೂ ಅಲ್ಲಿ ವಾಸವಿಲ್ಲ. ಏಜೆಂಟರೊಬ್ಬರ ಮಾತು ಕೇಳಿ ಇದಕ್ಕಾಗಿಯೇ ಒಂದು ದ್ವೀಪ ದೇಶದಲ್ಲಿ ಕಂಪನಿ ನೋಂದಾಯಿಸಿದೆವು. ಅದು ಮೂರೇ ದಿನಕ್ಕೆ ಆಯಿತು. ಆದರೆ ಕಂಪನಿಯ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ನಾಲ್ಕು ತಿಂಗಳಿಂದ ಒದ್ದಾಡುತ್ತಿದ್ದೇವೆ. ಎರಡು ಬ್ಯಾಂಕುಗಳು ಕಾರಣ ಹೇಳದೆ ಅರ್ಜಿ ವಾಪಸ್ ಕಳಿಸಿವೆ. ಈಗ ಏಜೆಂಟರು ‘ಹಣ ನನ್ನ ಖಾತೆಗೆ ಹಾಕಿ, ನಾನು ಮಾರುವವರಿಗೆ ದಾಟಿಸ್ತೀನಿ’ ಎನ್ನುತ್ತಿದ್ದಾರೆ. ಮುಂಗಡ ಕೊಡಲು ಮೂರು ವಾರ ಉಳಿದಿದೆ. ಏನು ಮಾಡಲಿ?
— ಹೆಸರು ಬೇಡ ಎಂದ ಓದುಗರು

ಉತ್ತರ: ಏಜೆಂಟರ ಖಾತೆಗೆ ಒಂದು ಕಾಸೂ ಹಾಕಬೇಡಿ. ಇದನ್ನು ನಿಮಗೆ ಆಗಲೇ ಫೋನಿನಲ್ಲಿ ಹೇಳಿದ್ದೇನೆ. ಇದೇ ಇಕ್ಕಟ್ಟಿನಲ್ಲಿ ಇರುವ ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಹಣ ಒಮ್ಮೆ ಅವರ ಖಾತೆಗೆ ಹೋದರೆ, ಅದು ನಿಮ್ಮದು ಅನ್ನುವುದಕ್ಕೆ ನಿಮ್ಮ ಹತ್ತಿರ ಉಳಿಯುವುದು ಒಂದು ವಾಟ್ಸ್ಆ್ಯಪ್ ಮೆಸೇಜ್ ಅಷ್ಟೇ. ಅವರು ಪ್ರಾಮಾಣಿಕರೇ ಇರಬಹುದು. ಆದರೂ ಮುಂದೊಂದು ದಿನ ಫ್ಲಾಟ್ ಮಾರಿ ಹಣ ವಾಪಸ್ ತರುವಾಗ ‘ಇದಕ್ಕೆ ದುಡ್ಡು ಕೊಟ್ಟವರು ಯಾರು’ ಎಂದು ಬ್ಯಾಂಕ್ ಕೇಳುತ್ತದೆ. ದಾಖಲೆಯಲ್ಲಿ ಮೂರನೆಯವರ ಹೆಸರಿರುತ್ತದೆ. ಆ ಗಂಟು ಬಿಡಿಸೋದು ಬಹಳ ಕಷ್ಟ.

ಈಗ ಅರ್ಜಿ ಏಕೆ ವಾಪಸ್ ಬಂತು ನೋಡೋಣ. ಈ ಅಂಕಣಕ್ಕೆ ಬರುವ ಮೊದಲು ಹನ್ನೊಂದು ವರ್ಷ ನಾನು ಒಂದು ಬ್ಯಾಂಕಿನಲ್ಲಿ ಹೊರದೇಶದ ಕಂಪನಿಗಳ ಖಾತೆ ಅರ್ಜಿಗಳನ್ನು ನೋಡುತ್ತಿದ್ದೆ. ನೀವು ಕಳಿಸಿದ ಅರ್ಜಿಯ ಪ್ರತಿಯನ್ನು ಓದಿದಾಗ ಆ ಮೇಜಿನ ಮುಂದೆ ಮತ್ತೆ ಕೂತ ಹಾಗಾಯಿತು. ‘ಖಾತೆಯ ಉದ್ದೇಶ’ ಎಂಬ ಚೌಕದಲ್ಲಿ ನೀವು ಬರೆದಿರುವುದು ಒಂದೇ ಪದ: ಹೂಡಿಕೆ. ‘ನಿರೀಕ್ಷಿತ ವಹಿವಾಟು’ ಎಂಬಲ್ಲಿ ಒಂದು ಗೀಟು ಎಳೆದು ಬಿಟ್ಟಿದ್ದೀರಿ.

ಅರ್ಜಿ ಬಿದ್ದಿರುವುದು ಬಹುಶಃ ಅಲ್ಲೇ. ನೀವು ಇರುವುದು ಒಂದು ದೇಶ, ಕಂಪನಿ ಇನ್ನೊಂದು ದೇಶ, ಫ್ಲಾಟ್ ಮೂರನೆಯ ದೇಶ, ಖಾತೆ ಕೇಳಿರುವುದು ನಾಲ್ಕನೆಯ ದೇಶದಲ್ಲಿ. ಇದರಲ್ಲಿ ಯಾವುದೂ ಅಪರಾಧವಲ್ಲ. ಆದರೆ ಒಂದೊಂದು ದೇಶ ಸೇರಿದಾಗಲೂ ‘ಇಲ್ಲೇ ಏಕೆ?’ ಅನ್ನುವ ಒಂದು ಪ್ರಶ್ನೆ ಹುಟ್ಟುತ್ತದೆ. ಉತ್ತರ ಫೈಲಿನಲ್ಲಿ ಇಲ್ಲದಿದ್ದರೆ ಅಧಿಕಾರಿ ತಾನೇ ಊಹಿಸಿಕೊಳ್ಳಲು ಹೋಗುವುದಿಲ್ಲ. ಬೇಡ ಅಂತ ಬರೆದು ಮುಂದಿನ ಫೈಲು ತೆಗೆದುಕೊಳ್ಳುತ್ತಾರೆ. ಕಾರಣ ಹೇಳಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಅವರಿಗೆ ಇರುವುದಿಲ್ಲ. ಹಣದ ಬಗ್ಗೆ ಅನುಮಾನ ಬಂದು ಬ್ಯಾಂಕು ಸರ್ಕಾರಕ್ಕೆ ಸಂಶಯದ ವರದಿ ಕೊಟ್ಟಿದ್ದರೆ, ಅದನ್ನು ಗ್ರಾಹಕರಿಗೆ ತಿಳಿಸಬಾರದು ಎಂದು ಹಲವು ದೇಶಗಳ ಕಾನೂನೇ ಹೇಳುತ್ತದೆ. ಆದರೆ ಗಾಬರಿ ಬೇಡ. ನಾನು ವಾಪಸ್ ಕಳಿಸಿದ ಅರ್ಜಿಗಳಲ್ಲಿ ಹೆಚ್ಚಿನವು ಸುಮ್ನೆ ಅರ್ಧಂಬರ್ಧ ಇದ್ದಂಥವು.

ಬ್ಯಾಂಕ್ ಕೇಳುವುದನ್ನೆಲ್ಲ ಹಿಂಡಿದರೆ ಎರಡೇ ಪ್ರಶ್ನೆ ಉಳಿಯುತ್ತವೆ. ಕಂಪನಿಯ ಹಿಂದೆ ಇರುವ ನಿಜವಾದ ಮನುಷ್ಯ ಯಾರು? ಈ ಹಣ ಅವರ ಕೈಗೆ ಹೇಗೆ ಬಂತು? ಕಪ್ಪು ಹಣವನ್ನು ಬಿಳಿ ಮಾಡುವುದನ್ನು ತಡೆಯಲು 1989ರಲ್ಲಿ ಹುಟ್ಟಿದ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದರ ಶಿಫಾರಸುಗಳನ್ನು ದೇಶಗಳು ತಂತಮ್ಮ ಕಾನೂನಿಗೆ ಇಳಿಸಿಕೊಂಡಿವೆ. ಬಹಳ ಕಡೆ ಶೇ. 25ರಷ್ಟು ಪಾಲು ಇರುವವರನ್ನು ನಿಜವಾದ ಮಾಲೀಕರು ಎಂದು ಎಣಿಸುತ್ತಾರೆ. ನೀವು ಮತ್ತು ನಿಮ್ಮ ತಂಗಿ ಅರ್ಧರ್ಧ ಅಂದಿದ್ದೀರಿ, ಹಾಗಾಗಿ ಇಬ್ಬರ ಕಾಗದವೂ ಪೂರ್ತಿ ಬೇಕು. ‘ನಾಮಿನಿ ನಿರ್ದೇಶಕರನ್ನು, ಅಂದರೆ ಹೆಸರಿಗೆ ಮಾತ್ರ ಇರುವವರನ್ನು, ಇಟ್ಟರೆ ನಿಮ್ಮ ಹೆಸರೇ ಬರಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಮಿನಿ ಇಟ್ಟುಕೊಳ್ಳುವುದೇ ತಪ್ಪಲ್ಲ. ಆದರೆ ಅವರ ಹಿಂದೆ ಇರುವವರನ್ನು ಬ್ಯಾಂಕಿನಿಂದ ಮುಚ್ಚಿಟ್ಟರೆ ಅದು ಸುಳ್ಳು ಹೇಳಿಕೆ ಕೊಟ್ಟಂತೆ.

ಹಣದ ಮೂಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಜನ ಸೋಲುವುದು ಇಲ್ಲೇ. ‘ಖಾತೆಯಲ್ಲಿ ಇಷ್ಟು ಹಣ ಇದೆ’ ಎಂಬ ಬ್ಯಾಲೆನ್ಸ್ ಸರ್ಟಿಫಿಕೇಟ್ ಕೊಟ್ಟು ಸಾಕು ಅಂದುಕೊಳ್ಳುತ್ತಾರೆ. ಹಣ ಇದೆ ಅನ್ನುವುದರ ಬಗ್ಗೆ ಬ್ಯಾಂಕಿಗೆ ಅನುಮಾನವಿಲ್ಲ. ಅದು ಹೇಗೆ ಬಂತು ಅನ್ನುವುದು ಬೇಕು. ನಾನು ಸ್ಟೇಟ್‌ಮೆಂಟ್ ಓದುವಾಗ ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಇಳಿಯುತ್ತಿದ್ದೆ. ದೊಡ್ಡ ಮೊತ್ತ ಜಮಾ ಆದ ಸಾಲು ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದೆ. ಪ್ರತಿ ಸೊನ್ನೆಗೂ ಒಂದು ಕಾಗದ ಸಿಗಬೇಕು. ಮನೆ ಮಾರಿದ ಹಣವಾದರೆ ಕ್ರಯಪತ್ರ, ಸಂಬಳವಾದರೆ ತೆರಿಗೆ ದಾಖಲೆ, ಅಮ್ಮ ಕೊಟ್ಟದ್ದಾದರೆ ದಾನಪತ್ರದ ಜೊತೆ ಅಮ್ಮನಿಗೆ ಅದು ಎಲ್ಲಿಂದ ಬಂತು ಎಂಬ ಕಾಗದವೂ.

ಒಬ್ಬ ಹೆಂಗಸಿನ ಫೈಲು ಈಗಲೂ ಕಣ್ಣಮುಂದೆ ಇದೆ. ಮೇಲೆ ಒಂದೇ ಪುಟದ ಪತ್ರ. ‘ಅಪ್ಪನ ಜಮೀನು ಮಾರಿದೆವು, ಕ್ರಯಪತ್ರ ಪುಟ 2. ಹಣ ಈ ದಿನ ಜಮಾ ಆಯಿತು, ಪುಟ 5ರಲ್ಲಿ ಗೆರೆ ಎಳೆದಿದ್ದೇನೆ. ತೆರಿಗೆ ಕಟ್ಟಿದ ರಸೀದಿ ಪುಟ 7. ಇದರಲ್ಲಿ ನನ್ನ ಪಾಲು ಮೂರರಲ್ಲಿ ಒಂದು, ಕುಟುಂಬದ ಪಾಲುಪತ್ರ ಪುಟ 9.’ ಆಮೇಲೆ ಕೊಳ್ಳಲಿರುವ ಮನೆಯ ವಿಳಾಸ, ಬೆಲೆ, ತಿಂಗಳಿಗೆ ಬರಬಹುದಾದ ಬಾಡಿಗೆ, ಕಟ್ಟಬೇಕಾದ ನಿರ್ವಹಣಾ ಶುಲ್ಕ, ವರ್ಷಕ್ಕೊಮ್ಮೆ ವಿಮೆ. ತಿಂಗಳಿಗೆ ಎಷ್ಟು ಸಲ ಹಣ ಬರುತ್ತದೆ, ಎಷ್ಟು ಸಲ ಹೋಗುತ್ತದೆ ಎಂಬುದೂ ಇತ್ತು. ನನ್ನ ಪೆನ್ಸಿಲ್‌ಗೆ ಕೆಲಸವೇ ಇರಲಿಲ್ಲ. ಅವರದ್ದೂ ಹೊರದೇಶದ ಕಂಪನಿಯೇ. ಅದೇ ವಾರ ಖಾತೆ ಆಯಿತು. ನೀವೂ ಇಂಥದ್ದೊಂದು ಪತ್ರ ಬರೆಯಿರಿ. ಏಜೆಂಟರ ಕೈಲಿ ಬರೆಸಬೇಡಿ, ನೀವೇ ಬರೆಯಿರಿ. ಬರೆಯುತ್ತಾ ಹೋದಂತೆ ಯಾವ ಕಾಗದ ಇಲ್ಲ ಅನ್ನುವುದು ನಿಮಗೇ ಹೊಳೆಯುತ್ತದೆ.

ಇನ್ನೊಂದು ಫೈಲು ನೆನೆದರೆ ಮನಸ್ಸಿಗೆ ಬೇಜಾರಾಗುತ್ತದೆ. ಪಾಸ್‌ಪೋರ್ಟ್ ಪ್ರತಿಯ ಮೇಲಿನ ನೋಟರಿ ಮುದ್ರೆಗೆ ಮೂರು ತಿಂಗಳು ದಾಟಿತ್ತು. ವಾಪಸ್ ಕಳಿಸಿದೆ. ಹೊಸ ಪ್ರತಿ ಬಂತು, ಅಷ್ಟರಲ್ಲಿ ವಿಳಾಸಕ್ಕೆ ಕೊಟ್ಟಿದ್ದ ಕರೆಂಟ್ ಬಿಲ್ ಹಳೆಯದಾಗಿತ್ತು. ಮತ್ತೆ ವಾಪಸ್. ಮೂರನೆಯ ಸಲ ಎಲ್ಲ ಸರಿ ಇತ್ತು, ಆದರೆ ಹೊತ್ತು ಮೀರಿ ಅವರ ಮುಂಗಡ ಹೋಗಿತ್ತು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ. ಆದರೂ ಮೊದಲ ದಿನವೇ ಒಂದು ಫೋನ್ ಮಾಡಿ ಎಲ್ಲ ಕೊರತೆಯನ್ನೂ ಒಟ್ಟಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೇ ಕೇಳಿದವರಿಗೆಲ್ಲ ಈಗ ಹೇಳುತ್ತೇನೆ: ಅರ್ಜಿ ಹಾಕುವ ಮೊದಲೇ ‘ಯಾವ ಯಾವ ಕಾಗದ ಬೇಕು, ಒಂದೊಂದೂ ಎಷ್ಟು ಹಳೆಯದಾಗಿರಬಹುದು, ಪ್ರತಿಗೆ ಯಾರು ಸಹಿ ಹಾಕಬೇಕು’ ಎಂದು ಬ್ಯಾಂಕಿಗೆ ಮೇಲ್ ಬರೆದು ಉತ್ತರ ತರಿಸಿಕೊಳ್ಳಿ.

ಕಂಪನಿಯ ಕಾಗದಗಳಿಗೆ ಅಪೋಸ್ಟಿಲ್ ಕೇಳಬಹುದು. ಒಂದು ದೇಶದ ಸರ್ಕಾರಿ ಕಾಗದ ಅಸಲಿ ಎಂದು ಇನ್ನೊಂದು ದೇಶ ಒಪ್ಪಲು 1961ರ ಹೇಗ್ ಒಪ್ಪಂದದಂತೆ ಹಚ್ಚುವ ದೃಢೀಕರಣ ಅದು. ಹತ್ತು ಅಂಶಗಳಿರುವ ಒಂದು ಚೌಕ. ಯಾರ ಸಹಿ, ಯಾವ ಹುದ್ದೆ, ಎಲ್ಲಿ, ಯಾವತ್ತು ಎಲ್ಲವೂ ಅದರಲ್ಲಿ ಇರುತ್ತದೆ. ಚೀನಾ 2023ರ ನವೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ ಇದಕ್ಕೆ ಸೇರಿದವು. ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ದಾರಿ ಹಿಡಿಯಬೇಕು, ಅದು ತಡವಾಗುತ್ತದೆ.

ಈಗ ನಿಮಗೆ ಇಷ್ಟವಾಗದ ಒಂದು ಮಾತು. ಒಂದೇ ಒಂದು ಫ್ಲಾಟಿಗೆ ಈ ದ್ವೀಪದ ಕಂಪನಿ ಬೇಕಿತ್ತಾ? ಇಂಗ್ಲೆಂಡಿನಲ್ಲಿ ಆಸ್ತಿ ಕೊಳ್ಳುವ ಹೊರದೇಶದ ಕಂಪನಿ ಮೊದಲು ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ತನ್ನ ನಿಜವಾದ ಮಾಲೀಕರ ಹೆಸರು ನೋಂದಾಯಿಸಬೇಕು. 2022ರ ಆಗಸ್ಟ್ 1ರಿಂದ ಈ ನಿಯಮ ಇದೆ. ಅಲ್ಲಿ ಸಿಗುವ, ಓಇ ಎಂದು ಶುರುವಾಗುವ ಸಂಖ್ಯೆ ಇಲ್ಲದಿದ್ದರೆ ಫ್ಲಾಟ್ ಕಂಪನಿಯ ಹೆಸರಿಗೆ ನೋಂದಣಿ ಆಗುವುದಿಲ್ಲ. ಆ ಮಾಹಿತಿಯನ್ನು ಪ್ರತಿ ವರ್ಷ ಹೊಸದಾಗಿ ಖಚಿತಪಡಿಸಬೇಕು. ಹಾಗಾಗಿ ಗುಟ್ಟು ಉಳಿಯುತ್ತದೆ ಎಂಬ ಆಸೆ ಬಿಡಿ. ಬೆಲೆ 5 ಲಕ್ಷ ಪೌಂಡ್ ದಾಟಿದ ಮನೆಯನ್ನು ಕಂಪನಿ ಕೊಂಡರೆ 2024ರ ಅಕ್ಟೋಬರ್ 31ರಿಂದ ಸ್ಟಾಂಪ್ ತೆರಿಗೆ ಶೇ. 17. ಬಾಡಿಗೆ ವ್ಯವಹಾರಕ್ಕಾದರೆ ಆ ದರದಿಂದ ವಿನಾಯಿತಿ ಇದೆ, ಆದರೆ ಕೇಳಿ ಪಡೆಯಬೇಕು. ಅಲ್ಲಿ ವಾಸವಿಲ್ಲದವರು ಮನೆ ಕೊಂಡರೆ ಇದರ ಮೇಲೆ ಇನ್ನೂ ಶೇ. 2 ಸೇರುತ್ತದೆ. ಏಜೆಂಟರು ಇದನ್ನೆಲ್ಲ ನಿಮಗೆ ಹೇಳಿರಲಿಲ್ಲ ಅಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಜೊತೆಗೆ ನೀವಿರುವ ದೇಶ ಹಣ ಹೊರಗೆ ಕಳಿಸಲು, ಹೊರಗೆ ಕಂಪನಿ ಇಟ್ಟುಕೊಳ್ಳಲು ಎಷ್ಟರ ಮಟ್ಟಿಗೆ ಬಿಡುತ್ತದೆ ಎಂದು ಲೆಕ್ಕಪರಿಶೋಧಕರನ್ನು ಈ ವಾರವೇ ಕೇಳಿ. ಅಲ್ಲಿ ತಡೆ ಇದ್ದರೆ ಉಳಿದದ್ದೆಲ್ಲ ವ್ಯರ್ಥ.

ಮೂರು ವಾರದಲ್ಲಿ ಏನು ಮಾಡಬಹುದು? ಇಂಗ್ಲೆಂಡಿನಲ್ಲಿ ಒಪ್ಪಂದದ ಪ್ರತಿಗಳು ವಿನಿಮಯ ಆಗುವವರೆಗೆ ಇಬ್ಬರೂ ಕಟ್ಟುಬಿದ್ದಿರುವುದಿಲ್ಲ. ವಿನಿಮಯದ ದಿನ ಸಾಮಾನ್ಯವಾಗಿ ಬೆಲೆಯ ಶೇ. 10 ಮುಂಗಡ ಕೊಡುತ್ತಾರೆ. ಆಮೇಲೆ ನೀವು ಹಿಂದೆ ಸರಿದರೆ ಆ ಮುಂಗಡ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಹಣದ ದಾರಿ ಖಚಿತವಾಗದೆ ವಿನಿಮಯಕ್ಕೆ ಒಪ್ಪಬೇಡಿ. ಮಾರುವವರು ಬೇಸರಪಟ್ಟರೂ ಸರಿ, ದಿನ ಮುಂದಕ್ಕೆ ಹಾಕಿಸಿ. ಕಂಪನಿಯ ಖಾತೆ ತಡವಾದರೆ ಇನ್ನೊಂದು ದಾರಿ ಇದೆ. ನಿಮ್ಮಿಬ್ಬರ ಸ್ವಂತ ಖಾತೆಗಳಿಂದ ನೇರವಾಗಿ ನಿಮ್ಮ ವಕೀಲರ ಕ್ಲೈಂಟ್ ಖಾತೆಗೆ (ಕಕ್ಷಿದಾರರ ಹಣವನ್ನು ಅವರು ಬೇರೆಯಾಗಿ ಇಡುವ ಖಾತೆ) ಹಣ ಕಳಿಸಿ, ಅದನ್ನು ನೀವು ಕಂಪನಿಗೆ ಕೊಟ್ಟ ಸಾಲ ಎಂದು ಸಾಲಪತ್ರ ಮಾಡಿಕೊಳ್ಳುವುದು. ವಕೀಲರು ಮೊದಲೇ ಒಪ್ಪಿರಬೇಕು. ಹಣದ ಮೂಲವನ್ನು ಅವರೂ ಕೇಳುತ್ತಾರೆ, ಅದೇ ಒಂದು ಪುಟದ ಪತ್ರ ಅವರಿಗೂ ಆಗುತ್ತದೆ. ಖರೀದಿ ಮುಗಿದ ಮೇಲೆ ಬಾಡಿಗೆಗಾಗಿ ಇಂಗ್ಲೆಂಡಿನಲ್ಲೇ ಖಾತೆಗೆ ಪ್ರಯತ್ನಿಸಿ. ಬಾಡಿಗೆ ಪೌಂಡಿನಲ್ಲಿ ಬರುತ್ತದೆ, ಖರ್ಚೂ ಪೌಂಡಿನಲ್ಲೇ. ಆಗ ‘ಇಲ್ಲೇ ಏಕೆ’ ಅನ್ನುವುದಕ್ಕೆ ಫ್ಲಾಟೇ ಉತ್ತರ.

ಪ್ರಶ್ನೆ: ನಮ್ಮ ಕಂಪನಿಗೆ ಬರುವುದು ಒಂದು ಮನೆಯ ಬಾಡಿಗೆ ಮಾತ್ರ. ಬ್ಯಾಂಕಿನ ತೆರಿಗೆ ಫಾರಂನಲ್ಲಿ ‘ಆ್ಯಕ್ಟಿವ್’, ‘ಪ್ಯಾಸಿವ್’ ಎಂದು ಎರಡು ಚೌಕ ಇವೆ. ಆ್ಯಕ್ಟಿವ್ ಎಂದು ಟಿಕ್ ಹಾಕಿದರೆ ನಮ್ಮ ಹೆಸರು ತೆರಿಗೆ ಇಲಾಖೆಗೆ ಹೋಗುವುದಿಲ್ಲವಂತೆ. ಹಾಕಬಹುದಾ?

ಉತ್ತರ: ಬೇಡ. ಆದಾಯದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಬಾಡಿಗೆ, ಬಡ್ಡಿ, ಡಿವಿಡೆಂಡ್ ಥರದ್ದಾದರೆ ಸಾಮಾನ್ಯವಾಗಿ ಅದು ಪ್ಯಾಸಿವ್ ಕಂಪನಿ. ನಿಮ್ಮದು ಸ್ಪಷ್ಟವಾಗಿ ಅದೇ. ಆಗ ಬ್ಯಾಂಕು ಕಂಪನಿಯ ಹಿಂದಿರುವ ನಿಮ್ಮ ಹೆಸರು, ಬ್ಯಾಲೆನ್ಸ್ ಎರಡನ್ನೂ ತನ್ನ ದೇಶದ ತೆರಿಗೆ ಇಲಾಖೆಗೆ ಕೊಡುತ್ತದೆ, ಅಲ್ಲಿಂದ ಅದು ನಿಮ್ಮ ದೇಶಕ್ಕೆ ಬರುತ್ತದೆ. ಒಇಸಿಡಿ ಎಂಬ ದೇಶಗಳ ಆರ್ಥಿಕ ಸಂಘಟನೆ 2014ರಲ್ಲಿ ರೂಪಿಸಿದ ಸಿಆರ್‌ಎಸ್ ವ್ಯವಸ್ಥೆ ಇದು. ಮಾಹಿತಿ ವಿನಿಮಯ 2017ರಲ್ಲಿ ಶುರುವಾಯಿತು, ಈಗ ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಇದರಲ್ಲಿವೆ. ನೀವು ಆದಾಯವನ್ನು ಸರಿಯಾಗಿ ತೋರಿಸಿದ್ದರೆ ಹೆಸರು ಹೋದರೆ ನಷ್ಟ ಏನು? ತಪ್ಪು ಟಿಕ್ ಹಾಕಿ ಕೆಳಗೆ ಸಹಿ ಮಾಡುವವರು ನೀವು, ಸಲಹೆ ಕೊಟ್ಟವರಲ್ಲ. ದಂಡ ಬಂದರೆ ನಿಮಗೇ.

ಪ್ರಶ್ನೆ: ಖಾತೆ ಆಯಿತು, ಒಪ್ಪಂದವೂ ಆಯಿತು. ಉಳಿದ ಹಣ ಕಳಿಸಬೇಕು. ಹೊರದೇಶಕ್ಕೆ ಹಣ ಕಳಿಸುವ ಸ್ವಿಫ್ಟ್ ಫಾರಂನಲ್ಲಿ ಚಾರ್ಜು ಯಾರದ್ದು ಎಂದು ಕೇಳಿದ್ದಾರೆ. ಈ ನಡುವೆ ವಕೀಲರ ಕಚೇರಿಯಿಂದ ‘ನಮ್ಮ ಖಾತೆ ಬದಲಾಗಿದೆ, ಹೊಸ ಸಂಖ್ಯೆಗೆ ಕಳಿಸಿ’ ಎಂದು ಮೇಲ್ ಬಂದಿದೆ.

ಉತ್ತರ: ಚಾರ್ಜು ಪೂರ್ತಿ ನಿಮ್ಮದೇ ಎಂಬ ಆಯ್ಕೆ ತೆಗೆದುಕೊಳ್ಳಿ. ಫಾರಂನಲ್ಲಿ ಅದು ಇಂಗ್ಲಿಷಿನಲ್ಲಿ ‘OUR’, ಅಂದರೆ ‘ನಮ್ಮದು’ ಎಂದಿರುತ್ತದೆ. ಇಲ್ಲದಿದ್ದರೆ ಮಧ್ಯದ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡು ಆ ಕಡೆ ಅಷ್ಟು ಕಡಿಮೆ ತಲುಪುತ್ತದೆ. ಕೊನೆಯ ದಿನ ಇಪ್ಪತ್ತು ಪೌಂಡ್ ಕಡಿಮೆಯಾಗಿ ಕೀಲಿಕೈ ಕೊಡದೆ ನಿಲ್ಲಿಸಿದ್ದನ್ನು ನೋಡಿದ್ದೇನೆ.

ಎರಡನೆಯದನ್ನು ಓದಿ ನನಗೆ ಕೈ ನಡುಗಿತು. ಅದಕ್ಕೇ ನಿಮಗೆ ತಕ್ಷಣ ಮೇಲ್ ಮಾಡಿದ್ದು. ಆಸ್ತಿ ಖರೀದಿಯಲ್ಲಿ ನಡೆಯುವ ದೊಡ್ಡ ಮೋಸಗಳಲ್ಲಿ ಇದೂ ಒಂದು. ಕಳ್ಳರು ಯಾರದೋ ಮೇಲ್ ಪೆಟ್ಟಿಗೆಗೆ ನುಗ್ಗಿ, ಹಣ ಕಳಿಸುವ ದಿನ ಹತ್ತಿರವಾಗುವವರೆಗೆ ಸುಮ್ಮನೆ ಓದುತ್ತಾ ಕೂತಿರುತ್ತಾರೆ. ಆಮೇಲೆ ಅದೇ ಲೆಟರ್‌ಹೆಡ್, ಅದೇ ಸಹಿ ಹಾಕಿ ಹೊಸ ಸಂಖ್ಯೆ ಕಳಿಸುತ್ತಾರೆ. ಆ ಮೇಲ್‌ಗೆ ಉತ್ತರಿಸಬೇಡಿ. ಅದರಲ್ಲಿರುವ ಫೋನ್ ನಂಬರಿಗೂ ಕರೆ ಮಾಡಬೇಡಿ. ಮೊದಲ ಭೇಟಿಯಲ್ಲಿ ವಕೀಲರು ಕೊಟ್ಟ ಕಾಗದದ ಮೇಲಿನ ನಂಬರಿಗೆ ಮಾಡಿ, ಖಾತೆ ಸಂಖ್ಯೆಯನ್ನು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ. ಮೊದಲು ಸಣ್ಣ ಮೊತ್ತ ಕಳಿಸಿ. ಅದು ತಲುಪಿತು ಎಂದು ಅದೇ ನಂಬರಿನಲ್ಲಿ ಅವರೇ ಹೇಳಿದ ಮೇಲೆ ಉಳಿದದ್ದನ್ನು ಕಳಿಸಿ.