ನಾಲ್ಕು ದಿನ ತಡವಾಗಿ ಬಂದವನು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ನೀನು ದುಬೈಗೆ ಬಂದು ನಾಲ್ಕೇ ತಿಂಗಳು, ಅಷ್ಟರಲ್ಲಿ ಊರಲ್ಲಿ ಅಮ್ಮ ತೀರಿಕೊಂಡರು. ನೀನು ಉಡುಪಿ ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. "ನೀನು ಇಲ್ಲಿದ್ದಿದ್ದರೆ ಅಮ್ಮ ಉಳಿಯುತ್ತಿದ್ದರು" ಅಂದಳು ನಿನ್ನ ಅಕ್ಕ. ಪರದೇಶದಲ್ಲಿ ಇದನ್ನೆಲ್ಲ ಹೇಗೆ ತಡೆದುಕೊಳ್ಳುವುದು, ದೇವರು ಇಲ್ಲಿಯೂ ಜೊತೆಗಿರುತ್ತಾನಾ ಅಂತ ಕೇಳಿದ್ದೀಯ.

ಮೊದಲು ಒಂದು ಸಣ್ಣ ವಿಷಯ. ತಂದೆ ತಾಯಿ ತೀರಿಕೊಂಡರೆ ಇಲ್ಲಿನ ಕಾರ್ಮಿಕ ಕಾನೂನಿನಲ್ಲಿ 3 ದಿನ ಸಂಬಳದ ರಜೆ ಇದೆ. ಕಂಪನಿಯವರು ಸಂಬಳ ಹಿಡಿದಿದ್ದರೆ ಹೋಗಿ ಕೇಳು, ನಾಚಿಕೆ ಬೇಡ. ದುಃಖಕ್ಕೆ 3 ದಿನ ಸಾಲುತ್ತದಾ, ಅದು ಬೇರೆ ಮಾತು.

ನನ್ನದು 2020ರ ಕಥೆ. ನಾನು ಬಂದು ಆಗಲೇ ಹದಿನಾರು ವರ್ಷ ಆಗಿತ್ತು. ಏಪ್ರಿಲ್‌ನಲ್ಲಿ ಅಪ್ಪ ಹೋದರು. ಕೊರೋನಾದಿಂದ ವಿಮಾನಗಳೆಲ್ಲ ನಿಂತಿದ್ದವು. ಸಿಕ್ಕಿಬಿದ್ದವರನ್ನು ಊರಿಗೆ ಕರೆತರಲು ಭಾರತ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನಗಳಲ್ಲಿ ಇಲ್ಲಿಂದ ಮಂಗಳೂರಿಗೆ ಮೊದಲನೆಯದು ಹೊರಟದ್ದು ಮೇ 12ಕ್ಕೆ. ಬರೀ ಮೂರೂವರೆ ಗಂಟೆಯ ದಾರಿ ನೋಡು. ಅಣ್ಣ ಫೋನ್ ಎತ್ತಿ ಹಿಡಿದ, ನಾನು ಅಡಿಗೆ ಕೋಣೆಯಲ್ಲಿ ನಿಂತು ಅಪ್ಪನ ಮಣ್ಣು ನೋಡಿದೆ. ಅಯ್ಯನವರು ಪ್ರಾರ್ಥನೆ ಮಾಡುವಾಗ ನೆಟ್‌ವರ್ಕ್ ಹೋಯಿತು. ಇಲ್ಲಿ ಚರ್ಚ್‌ಗಳೂ ಮುಚ್ಚಿದ್ದವು. ಫೋನ್ ಮಾಡಿದವರೆಲ್ಲ "ದೇವರ ಚಿತ್ತ" ಅಂದರು. ಕೇಳಿ ಕೇಳಿ ಸಿಟ್ಟೇ ಬಂತು. ಪ್ರಾರ್ಥನೆ ಬಿಟ್ಟೆ.

ಒಂದು ರಾತ್ರಿ ನಿದ್ದೆ ಬಾರದೆ ಬೈಬಲಿನ ಲಾಜರನ ಕಥೆ ತೆಗೆದೆ, ಯೋಹಾನ 11. ಸಂಡೇ ಸ್ಕೂಲಿನಿಂದ ಬಾಯಿಪಾಠ ಇದ್ದದ್ದೇ. ಲಾಜರನಿಗೆ ಹುಷಾರಿಲ್ಲ ಅಂತ ಸುದ್ದಿ ಮುಟ್ಟಿದ್ದರೂ ಯೇಸು ಅವನ ಊರು ಬೇಥಾನ್ಯಕ್ಕೆ ಬರುವಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಆಗಿದೆ. ಲಾಜರನ ಸಹೋದರಿ ಮಾರ್ಥ ಎದುರು ಬಂದು ಏನು ಹೇಳುತ್ತಾಳೆ? ನೀನು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಅಂತ. ನಿನ್ನ ಅಕ್ಕನ ಮಾತೇ, ಅಲ್ವಾ? ಆಮೇಲೆ ಇನ್ನೊಬ್ಬ ಸಹೋದರಿ ಮರಿಯಳೂ ಅದನ್ನೇ ಹೇಳುತ್ತಾಳೆ. ಯೇಸು ಇಬ್ಬರನ್ನೂ ಗದರಲಿಲ್ಲ. ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವವನು ತಾನೇ. ಆದರೂ ಅತ್ತ.

ಸತ್ತವನು ಎದ್ದು ಬಂದದ್ದೇ ಆ ಕಥೆ ಅಂತ ಅಷ್ಟು ವರ್ಷ ಅಂದುಕೊಂಡಿದ್ದೆ. ಅವತ್ತು ಅಳುವಲ್ಲಿಂದ ಮುಂದೆ ಓದಲು ಆಗಲಿಲ್ಲ. ಅಪ್ಪ ಹೋದ ಮೇಲೆ ನಾನು ಸರಿಯಾಗಿ ಅತ್ತದ್ದು ಆ ರಾತ್ರಿಯೇ. ಒಬ್ಬಳೇ ಅಳುತ್ತಿದ್ದೇನೆ ಅನ್ನಿಸಲಿಲ್ಲ. ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಆ ವಾರವಿಡೀ ಪಕ್ಕದ ಮನೆಯ ಮಲಯಾಳಿ ಮುಸ್ಲಿಂ ಹೆಂಗಸು ನಮ್ಮ ಬಾಗಿಲಿನ ಹಿಡಿಗೆ ಗಂಜಿಯ ಡಬ್ಬ ತೂಗುಹಾಕಿ, ಬೆಲ್ ಒತ್ತಿ ಹೋಗುತ್ತಿದ್ದರು. ಚಿತ್ತ ಗಿತ್ತ ಅಂತ ಒಂದು ಮಾತಿಲ್ಲ.

ಅಕ್ಕನಿಗೆ ಉತ್ತರ ಕೊಡಲು ಹೋಗಬೇಡ. ದಿನಾ ಫೋನ್ ಮಾಡು. ಅತ್ತರೆ ಕೇಳಿಸಿಕೋ, ಬೈದರೂ ಕೇಳಿಸಿಕೋ.

ಭಾನುವಾರ ಔದ್ ಮೇಥಾಕ್ಕೆ ಬಾ, ಗ್ರೀನ್ ಲೈನ್ ಮೆಟ್ರೋದಲ್ಲಿ ಇಳಿ. ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಒಂದೊಂದು ಹಾಲ್‌ನಲ್ಲಿ ಒಂದೊಂದು ಭಾಷೆಯ ಸಭೆ, ಒಬ್ಬರ ಹಾಡು ಇನ್ನೊಬ್ಬರ ಪ್ರಾರ್ಥನೆಯೊಳಗೆ ನುಗ್ಗುತ್ತದೆ. ಹಾಡಲು ಆಗದಿದ್ದರೆ ಸುಮ್ನೆ ಕೂತುಕೋ. ಚರ್ಚ್ ತೆರೆದ ಮೇಲೆ ನಾನೂ ಹಿಂದಿನ ಬೆಂಚಿನಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದೆ ಕೂತವಳೇ. ಆಮೇಲೆ ನಮ್ಮ ಮನೆಗೆ ಹೋಗುವ. ಕುಚ್ಚಲಕ್ಕಿ ಗಂಜಿ ಮಾಡಿರುತ್ತೇನೆ, ಊರಿನ ಮಿಡಿ ಉಪ್ಪಿನಕಾಯಿಯೂ ಇದೆ.